ಗೆದ್ದವರ ಚಿತ್ರಕಥೆ ಮತ್ತು ಸತ್ಯಾಣುವ್ರತ

ಮಹಾಪುರುಷರ ಚರಿತೆಯನ್ನು ಮಕ್ಕಳಿಗೆ ಹೇಳುವುದು ಜೈನ ಪರಂಪರೆಗೆ ಹೊಸದಲ್ಲ. ಪ್ರಥಮಾನುಯೋಗವೆಂಬ ಶಾಸ್ತ್ರವಿಭಾಗವು ತ್ರಿಷಷ್ಟಿ ಶಲಾಕಾಪುರುಷರ ಚರಿತೆಗಳಿಗೇ ಮೀಸಲಾಗಿದೆ. ತತ್ತ್ವವನ್ನು ನೇರವಾಗಿ ಗ್ರಹಿಸಲಾರದ ಎಳೆಯ ಮನಸ್ಸಿಗೆ ಕಥೆಯ ಮೂಲಕ ದಾರಿ ತೋರಿಸಬೇಕೆಂಬ ವಿವೇಕ ಅದರ ಹಿಂದಿದೆ. ಕಾಲಾಂತರದಲ್ಲಿ ಈ ಕಾರ್ಯವನ್ನು ಚಿತ್ರಪುಸ್ತಕಗಳೂ ವಹಿಸಿಕೊಂಡವು. ಅನಂತ ಪೈ ಅವರ ಸಂಪಾದಕತ್ವದಲ್ಲಿ 1967ರಲ್ಲಿ ಆರಂಭವಾದ ಅಮರ ಚಿತ್ರಕಥಾ ಮಾಲೆಯಲ್ಲಿ ಭಗವಾನ್ ಮಹಾವೀರರ ಕಥೆಯೂ ಬಂದಿತು. ಇಂದು ಪುರಾಣಪುರುಷರ ಸಾಲಿಗೆ ಓಟಗಾರರು, ಕ್ರಿಕೆಟ್ ಆಟಗಾರರು, ಕುಸ್ತಿಪಟುಗಳು ಸೇರಿದ್ದಾರೆ. ಇಂಥ ಪುಸ್ತಕವನ್ನು ಮನೆಯ ಮಕ್ಕಳ ಕೈಗೆ ಕೊಡುವಾಗ, ಬಸದಿಯ ಪಾಠಶಾಲೆಯಲ್ಲಿ ಬಹುಮಾನವಾಗಿ ಹಂಚುವಾಗ ಶ್ರಾವಕನ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ. ಗೆದ್ದವರ ಕಥೆಯನ್ನು ಮಗುವಿಗೆ ಹೇಳುವಾಗ ಎಷ್ಟನ್ನು ಬಿಡಬಹುದು? ಬಿಟ್ಟದ್ದು ಯಾವ ಹಂತದಲ್ಲಿ ಸುಳ್ಳಾಗುತ್ತದೆ?

ಚಿತ್ರದಲ್ಲಿ ಜೀವನವನ್ನು ಹೇಳುವ ಪದ್ಧತಿಯನ್ನು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆ ಶತಮಾನಗಳಿಂದ ಬಲ್ಲದು. ಹಾನಗಲ್ಲಿನ ತಾರಕೇಶ್ವರ ದೇಗುಲದಲ್ಲಿರುವ ವೀರಗಲ್ಲಿನ ಮುಂದೆ ನಿಂತವರಿಗೆ ಇದು ತಿಳಿಯುತ್ತದೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಮಧ್ಯದಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಅಕ್ಷರ ಬಾರದವನೂ ಓದಬಲ್ಲ ಚರಿತೆಯಿದು. ಆದರೆ ವೀರನ ಭಯವಾಗಲಿ, ಅವನ ಮನೆಯವರ ಕಣ್ಣೀರಾಗಲಿ ಅಲ್ಲಿ ಕಾಣುವುದಿಲ್ಲ. ಕನ್ನಡ ನಾಡಿನಲ್ಲಿ ಇನ್ನೊಂದು ಬಗೆಯ ಕಲ್ಲೂ ಉಂಟು. ಅದು ಜೈನರ ನಿಷಿಧಿ. ಅದರಲ್ಲಿ ಶತ್ರುವಿಲ್ಲ, ಆಯುಧವಿಲ್ಲ. ಸಲ್ಲೇಖನದಿಂದ ತನ್ನನ್ನೇ ಗೆದ್ದ ಜೀವದ ನೆನಪು ಮಾತ್ರ ಇದೆ. ಗೆಲುವು ಎಂದರೇನೆಂಬುದಕ್ಕೆ ಈ ಎರಡು ಕಲ್ಲುಗಳು ಎರಡು ಉತ್ತರಗಳನ್ನು ಕೊಡುತ್ತವೆ.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಮೂರು ಈ ವಿಷಯಕ್ಕೆ ಸಂಬಂಧಿಸಿವೆ. ತಪ್ಪು ದಾರಿಗೆ ಎಳೆಯುವ ಮಿಥ್ಯೋಪದೇಶ ಒಂದು. ಸುಳ್ಳು ಬರಹವನ್ನು ಸೃಷ್ಟಿಸುವ ಕೂಟಲೇಖಕ್ರಿಯೆ ಇನ್ನೊಂದು. ಪರರ ಗುಟ್ಟನ್ನು ಬಯಲಿಗೆಳೆಯುವ ರಹೋಭ್ಯಾಖ್ಯಾನ ಮತ್ತೊಂದು. ವ್ಯಾಪಾರಸ್ಥ ಕುಟುಂಬಗಳಿಗೆ ಕೂಟಲೇಖದ ಅರ್ಥವನ್ನು ವಿವರಿಸಬೇಕಾಗಿಲ್ಲ. ಸವಣೂರಿನ ಎಲೆ ವ್ಯಾಪಾರಿಯಾಗಲಿ, ಹಾನಗಲ್ಲಿನ ಭತ್ತದ ವ್ಯಾಪಾರಿಯಾಗಲಿ ಜಮೆಯನ್ನಷ್ಟೇ ಬರೆದು ಖರ್ಚನ್ನು ಬಿಟ್ಟರೆ, ಬರೆದ ಪ್ರತಿಯೊಂದು ಅಂಕಿ ನಿಜವಾಗಿದ್ದರೂ ಲೆಕ್ಕ ಸುಳ್ಳೇ. ಪದಕಗಳನ್ನಷ್ಟೇ ಎಣಿಸಿ ಸೋಲು, ಗಾಯ, ನೆರವು ಇವುಗಳನ್ನು ಬಿಟ್ಟ ಚರಿತೆಯೂ ಅಂಥದೇ ಲೆಕ್ಕ. ಆದರೆ ರಹೋಭ್ಯಾಖ್ಯಾನದ ನಿಷೇಧವನ್ನೂ ಮರೆಯಲಾಗದು. ಕ್ರೀಡಾಪಟುವಿನ ಸಂಸಾರದೊಳಗಿನ ಮಾತನ್ನು ಮಕ್ಕಳ ಪುಸ್ತಕಕ್ಕೆ ಎಳೆದು ತರುವುದು ಸತ್ಯನಿಷ್ಠೆಯಲ್ಲ. ಆದ್ದರಿಂದ ಎಲ್ಲವನ್ನೂ ಹೇಳಬೇಕೆಂಬುದು ವ್ರತದ ಆಶಯವಲ್ಲ. ಹೇಳಿದ್ದು ಒಟ್ಟಿನಲ್ಲಿ ಸುಳ್ಳಾಗಬಾರದೆಂಬುದೇ ಆಶಯ.

ಮಗುವಿಗೆ ಆದರ್ಶ ಬೇಕು, ಲೋಪದೋಷಗಳನ್ನು ದೊಡ್ಡವನಾದ ಮೇಲೆ ತಿಳಿಯಲಿ ಎಂದು ಕೆಲವರು ವಾದಿಸಬಹುದು. ಈ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಕಡಿಮೆ ಹೇಳುವುದು ಬೇರೆ, ತಪ್ಪು ಹೇಳುವುದು ಬೇರೆ. ದೊಡ್ಡವನಾದ ಮಗುವಿಗೆ ಬಿಟ್ಟ ಸಂಗತಿ ತಿಳಿದಾಗ 'ಇದು ಆಗ ನನಗೆ ಬೇಕಿರಲಿಲ್ಲ' ಎನಿಸಿದರೆ ಅದು ಯೋಗ್ಯವಾದ ಮೌನ. 'ನನ್ನನ್ನು ವಂಚಿಸಿದರು' ಎನಿಸಿದರೆ ಅದು ಅತಿಚಾರ.

ಸೈಕಲ್ ಸ್ಪರ್ಧಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕ್ಯಾನ್ಸರಿನಿಂದ ಗುಣಮುಖನಾಗಿ 1999ರಿಂದ 2005ರವರೆಗೆ ಏಳು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದವನೆಂದು ಮಕ್ಕಳ ಪುಸ್ತಕಗಳಲ್ಲಿ ಆದರ್ಶನಾಗಿದ್ದನು. 2012ರಲ್ಲಿ ನಿಷಿದ್ಧ ಮದ್ದಿನ ಸೇವನೆಗಾಗಿ ಆ ಏಳೂ ಪ್ರಶಸ್ತಿಗಳು ರದ್ದಾದವು. 2013ರಲ್ಲಿ ಅವನೇ ಒಪ್ಪಿಕೊಂಡನು. ಬರೆದವರಿಗೆ ಇದು ಆಗ ತಿಳಿದಿರಲಿಲ್ಲವೆಂದರೂ ಒಂದು ಪಾಠ ಉಳಿಯುತ್ತದೆ. ಗೆಲುವನ್ನೇ ಗುಣವೆಂದು ಕಲಿಸಿದ ಪುಸ್ತಕವು ಗೆಲುವು ಕಳಚಿದೊಡನೆ ಬರಿದಾಗುತ್ತದೆ.

ಅಮೆರಿಕದ ಓಟಗಾರ್ತಿ ವಿಲ್ಮಾ ರುಡಾಲ್ಫ್ ಕುರಿತು ಕ್ಯಾಥ್ಲೀನ್ ಕ್ರುಲ್ ಬರೆದ ಚಿತ್ರಪುಸ್ತಕ 1996ರಲ್ಲಿ ಪ್ರಕಟವಾಯಿತು. ವಿಲ್ಮಾ ಬಾಲ್ಯದಲ್ಲಿ ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡಿದ್ದಳು. ಮನೆಯವರು ದಿನವೂ ಆ ಕಾಲನ್ನು ತಿಕ್ಕಿ ಉಪಚರಿಸಿದರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅವಳು ಮೂರು ಚಿನ್ನದ ಪದಕ ಗೆದ್ದಳು. ಇಂಥ ಜೀವನದಲ್ಲಿ ಉಪಕಾರಿಗಳ ಪಾಲು ಎದ್ದು ಕಾಣುತ್ತದೆ. ಕರ್ನಾಟಕದ ಮಾಲತಿ ಹೊಳ್ಳ ಅವರದೂ ಅಂಥದೇ ಚರಿತೆ. ಎಳವೆಯಲ್ಲಿಯೇ ಪೋಲಿಯೋಗೆ ತುತ್ತಾಗಿ, ಗಾಲಿಕುರ್ಚಿಯಲ್ಲಿ ಕುಳಿತೇ ದೇಶವಿದೇಶಗಳಲ್ಲಿ ಸ್ಪರ್ಧಿಸಿದ ಅವರು 2001ರಲ್ಲಿ ಪದ್ಮಶ್ರೀ ಪಡೆದರು; ಅಂಗವಿಕಲ ಮಕ್ಕಳಿಗಾಗಿ ಮಾತೃ ಫೌಂಡೇಶನ್ ಎಂಬ ಸಂಸ್ಥೆಯನ್ನೂ ಕಟ್ಟಿದರು. ಪದಕದ ಪುಟವಾದ ಮೇಲೆ ಆ ಮಕ್ಕಳ ಪುಟ ಬರದಿದ್ದರೆ ಅವರ ಕಥೆ ಅರ್ಧವೇ ಸರಿ.

ಸೋಲಿನ ಪುಟವೂ ಆದರ್ಶವಾಗಬಲ್ಲದು. ಭದ್ರಾವತಿಯಲ್ಲಿ ಜನಿಸಿದ ಗುಂಡಪ್ಪ ವಿಶ್ವನಾಥ್ ಅವರು 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್ ಪಂದ್ಯದಲ್ಲಿ ಭಾರತದ ನಾಯಕರಾಗಿದ್ದರು. ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ಅಂಪೈರ್ ತೀರ್ಪಿತ್ತಿದ್ದರೂ, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್ ಅವರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಬಾತಮ್ 171 ಓಟಗಳ ಜೊತೆಯಾಟವಾಡಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಲಾಭನಷ್ಟದ ಲೆಕ್ಕದಲ್ಲಿ ಇದು ನಷ್ಟ; ವ್ರತದ ಲೆಕ್ಕದಲ್ಲಿ ಜಮೆ. ಮಗುವಿಗೆ ತೋರಿಸಬೇಕಾದ ಚಿತ್ರ ಇದಕ್ಕಿಂತ ಬೇರೆ ಯಾವುದು?

ಆದರ್ಶ ಮತ್ತು ಸತ್ಯ ಎರಡನ್ನೂ ಹೇಗೆ ಕೂಡಿಸಬೇಕೆಂಬುದಕ್ಕೆ ಆದಿಪುರಾಣವೇ ಮೇಲ್ಪಂಕ್ತಿ. ಜಿನಸೇನಾಚಾರ್ಯರು ಆರಂಭಿಸಿದ ಮಹಾಪುರಾಣವನ್ನು ಗುಣಭದ್ರಾಚಾರ್ಯರು ಪೂರ್ಣಗೊಳಿಸಿದರು. ಅದರ ಉತ್ತರಪುರಾಣಕ್ಕೆ ಕ್ರಿ.ಶ. 898ರಲ್ಲಿ ಪೂಜೆ ಸಂದದ್ದು ಇಂದಿನ ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ. ಭರತ-ಬಾಹುಬಲಿಯರ ಸೇನೆಗಳು ಎದುರಾದಾಗ ಸೈನಿಕರ ಹಿಂಸೆ ಬೇಡವೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಹಿಂಸೆಯನ್ನು ತಪ್ಪಿಸುವುದೇ ಸ್ಪರ್ಧೆಯ ಮೊದಲ ಸಾರ್ಥಕತೆಯೆಂದು ಇದರಿಂದ ತಿಳಿಯುತ್ತದೆ. ಬಾಹುಬಲಿಯ ದೇಹ 525 ಧನುಸ್ಸು ಎತ್ತರ, ಭರತನದು 500. ಆದ್ದರಿಂದ ಭರತ ಎರಚಿದ ನೀರು ತಮ್ಮನ ಮುಖವನ್ನು ಮುಟ್ಟಲಿಲ್ಲವೆಂದು ಪುರಾಣ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಗೆಲುವಿನಲ್ಲಿ ದೇಹದ ಪಾಲೂ ಇದೆ. ಆ ದೇಹ ನಾಮಕರ್ಮದ ಫಲ. ಇದನ್ನು ಅರಿತವನು ಗೆದ್ದಾಗ ಬೀಗುವುದಿಲ್ಲ, ಸೋತಾಗ ತನ್ನನ್ನು ಹಳಿದುಕೊಳ್ಳುವುದೂ ಇಲ್ಲ. ಸೋತ ಭರತ ರೋಷದಿಂದ ತಮ್ಮನ ಮೇಲೆಯೇ ಚಕ್ರವನ್ನು ಪ್ರಯೋಗಿಸಿದ ಸಂಗತಿಯನ್ನೂ ಆಚಾರ್ಯರು ಮರೆಮಾಚಲಿಲ್ಲ. ವರ್ಷವಿಡೀ ಯೋಗದಲ್ಲಿ ನಿಂತ ಬಾಹುಬಲಿಯ ಮನಸ್ಸಿನಲ್ಲಿ ಉಳಿದಿದ್ದ ಸಣ್ಣ ಶಲ್ಯವನ್ನೂ ಬಿಡಲಿಲ್ಲ. ಇಷ್ಟೆಲ್ಲ ಹೇಳಿದ್ದರಿಂದ ಅವರಿಬ್ಬರ ಮಹಿಮೆ ಕುಗ್ಗಲಿಲ್ಲ. ಬಾಹುಬಲಿ ಪೂಜ್ಯನಾದದ್ದು ಗೆದ್ದುದಕ್ಕಲ್ಲ, ಗೆದ್ದುದನ್ನು ಬಿಟ್ಟುದಕ್ಕೆ.

ಎಂಟು ಮಕ್ಕಳು ಓಡಿದರೆ ಒಬ್ಬನೇ ಮೊದಲಿಗನಾಗುತ್ತಾನೆ. ಪುಸ್ತಕವು ಆ ಒಬ್ಬನಿಗಾಗಿ ಮಾತ್ರ ಬರೆದದ್ದಾದರೆ ಉಳಿದ ಏಳು ಮಕ್ಕಳು ಅದರಿಂದ ಕಲಿಯುವುದು ತಮ್ಮ ಹೀನತೆಯನ್ನೇ. ಪರರನ್ನು ಕುಗ್ಗಿಸುವುದೂ ಭಾವಹಿಂಸೆಯೇ ಅಲ್ಲವೇ?

ಆದುದರಿಂದ ದಶಲಕ್ಷಣ ಪರ್ವದ ಬಹುಮಾನಕ್ಕಾಗಲಿ, ಬಸದಿಯ ಗ್ರಂಥಾಲಯಕ್ಕಾಗಲಿ ಇಂಥ ಪುಸ್ತಕವನ್ನು ಆರಿಸುವ ಟ್ರಸ್ಟಿನವರು ಮೂರು ಸಂಗತಿಗಳನ್ನು ನೋಡುವುದು ಒಳಿತು. ಸೋಲಿಗೆ ಒಂದು ಪುಟವಿದೆಯೇ? ನೆರವಾದವರಿಗೆ ಒಂದು ಚಿತ್ರವಿದೆಯೇ? ಗೆದ್ದ ಮೇಲೆ ಆ ವ್ಯಕ್ತಿ ಹೇಗೆ ಬಾಳಿದನೆಂಬ ಮಾತಿದೆಯೇ? ಇದ್ದರೆ ಅದು ಕ್ರಿಕೆಟ್ ಆಟಗಾರನ ಕಥೆಯಾದರೂ ಬಸದಿಯ ಕಪಾಟಿನಲ್ಲಿ ಸ್ಥಾನ ಪಡೆಯಲು ಯೋಗ್ಯ. ಇಲ್ಲದಿದ್ದರೆ, ಮನೆಯ ಹಿರಿಯರು ಆ ಪುಸ್ತಕವನ್ನು ಮಗುವಿನೊಡನೆ ಕುಳಿತು ಓದಿ, ಬಿಟ್ಟುಹೋದ ಪುಟವನ್ನು ತಮ್ಮ ಮಾತಿನಿಂದ ತುಂಬಿಕೊಡಬೇಕು. ಅದೂ ಸ್ವಾಧ್ಯಾಯವೇ.