ಜಪದಲ್ಲಿ ಕೈಯ ಪಾಲು

ಪುಲಿಗೆರೆಯೆಂದು ಶಾಸನಗಳಲ್ಲಿ ಪ್ರಸಿದ್ಧವಾದ ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ದೇಗುಲವೂ ಶಂಖ ಬಸದಿಯೂ ದೂದಪೀರರ ದರ್ಗಾವೂ ನೆಲಸಿರುವುದರಿಂದ, ರುದ್ರಾಕ್ಷಿಯನ್ನೆಣಿಸುವ ಬೆರಳು, ಣಮೋಕಾರ ಮಂತ್ರಕ್ಕೆ ಮಣಿ ಸರಿಸುವ ಬೆರಳು, ತಸ್ಬೀಹನ್ನು ತಿರುವುವ ಬೆರಳು, ಈ ಮೂರನ್ನೂ ಬಲ್ಲ ಊರದು. ದೈವದ ಸ್ವರೂಪವನ್ನು ಕುರಿತು ಒಂದನ್ನೊಂದು ಒಪ್ಪದ ಮತಗಳು, ಮನಸ್ಸು ಒಂದೆಡೆ ನಿಲ್ಲಬೇಕಾದರೆ ಕೈಗೊಂದು ಕೆಲಸವಿರಬೇಕೆಂಬಲ್ಲಿ ಒಮ್ಮತಕ್ಕೆ ಬಂದುದು ವಿಚಾರಾರ್ಹವಾದ ಸಂಗತಿ.

ಕೈಯಾಡುತ್ತಿರುವ ತನಕ ಧ್ಯಾನ ಸಿದ್ಧಿಸದೆಂದೂ, ಮಣಿಯೆಣಿಕೆ ಮಂದಾಧಿಕಾರಿಗಳಿಗೆ ಮಾತ್ರವೆಂದೂ ಹೇಳುವವರುಂಟು. ಅವರು ಆಧಾರವಾಗಿ ತೋರುವುದು ವಾಚಿಕ, ಉಪಾಂಶು, ಮಾನಸವೆಂಬ ಜಪಭೇದಗಳಲ್ಲಿ ಮನುಸ್ಮೃತಿಯು ಮಾನಸಕ್ಕೆ ಕೊಟ್ಟ ಹಿರಿಮೆಯನ್ನು. ಆದರೆ ಆ ತಾರತಮ್ಯ ನಾಲಗೆಗೆ ಸಂಬಂಧಿಸಿದುದು, ಕೈಗಲ್ಲ. ತುಟಿಯಲುಗದ ಮಾನಸ ಜಪದಲ್ಲಿಯೂ ಮಣಿ ಸರಿಯುತ್ತಲೇ ಇರಬಹುದು. ಕರ್ಮೇಂದ್ರಿಯಗಳನ್ನು ಬಿಗಿಹಿಡಿದು ಒಳಗೊಳಗೇ ವಿಷಯಗಳನ್ನು ನೆನೆಯುತ್ತ ಕುಳಿತವನನ್ನು ಗೀತೆಯ ಮೂರನೆಯ ಅಧ್ಯಾಯವು ಮಿಥ್ಯಾಚಾರಿಯೆಂದು ಕರೆದಿರಲು, ನಿಶ್ಚಲವಾದ ಕೈಯನ್ನು ನಿಶ್ಚಲವಾದ ಚಿತ್ತಕ್ಕೆ ಪ್ರಮಾಣವೆಂದು ಹಿಡಿಯುವುದೆಂತು? ಜೈನರು ಇನ್ನೂ ಸೂಕ್ಷ್ಮವಾಗಿ ನಡೆದರು: ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನೋವಾಕ್ಕಾಯಗಳೆಂಬ ಮೂರರಿಂದಲೂ, ಕೃತ, ಕಾರಿತ, ಅನುಮೋದನಗಳೆಂಬ ಮೂರರಿಂದಲೂ, ಕಷಾಯಗಳೆಂಬ ನಾಲ್ಕರಿಂದಲೂ ಗುಣಿಸಿದರೆ ಬರುವ 108 ಆಸ್ರವಭೇದಗಳಿಗೆ, ಎಂದರೆ ಪಾಪಕರ್ಮ ಒಳಹರಿಯುವ ಬಗೆಗಳಿಗೆ, ಮಾಲೆಯ 108 ಮಣಿಗಳೆಂದು ಅವರಲ್ಲಿ ವಿವರಿಸುವುದುಂಟು. ಆ ಎಣಿಕೆಯಲ್ಲಿ ಕಾಯವೂ ಸೇರಿದೆ. ಪಾಪದಲ್ಲಿ ಪಾಲುಗೊಂಡ ದೇಹಕ್ಕೆ ಶುದ್ಧಿಯಲ್ಲಿಯೂ ಪಾಲುಂಟೆಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ.

ಕೈಗೆ ಕೆಲಸ ಕೊಟ್ಟು ಮನಸ್ಸನ್ನು ನಿಲ್ಲಿಸುವ ಈ ಉಪಾಯವನ್ನೇ ಇಂದಿನ ಚಿಕಿತ್ಸೆಯೂ ಹಿಡಿದಿದೆ. ಈಗ ಆಟಿಸಂ ಇರುವ ಮಕ್ಕಳಿಗೂ, ಒಂದೆಡೆ ಕೂರಲಾರದ ಮಕ್ಕಳಿಗೂ ಹಿಸುಕುವ ಚೆಂಡು, ತಿರುಗಿಸುವ ಉಂಗುರ, ಉಬ್ಬುತಗ್ಗಿನ ರಬ್ಬರಿನ ತುಣುಕು ಮೊದಲಾದ ಸಾಧನಗಳನ್ನು ಥೆರಪಿಸ್ಟರು ಕೈಗೆ ಕೊಡುತ್ತಾರೆ. ನಿತ್ರಾಣಗೊಂಡ ಕೈಗೆ ಹೆಬ್ಬೆರಳನ್ನು ಮಿಕ್ಕ ಬೆರಳುಗಳಿಗೆದುರಾಗಿ ತರುವ ಅಭ್ಯಾಸವನ್ನು ಮಾಡಿಸುತ್ತಾರೆ. ನಡುಬೆರಳ ಮೇಲಿಟ್ಟ ಮಣಿಯನ್ನು ಹೆಬ್ಬೆರಳಿನಿಂದ ಎಳೆದುಕೊಳ್ಳುವ, ತೋರುಬೆರಳನ್ನು ಸೋಕಿಸದ ನಮ್ಮ ಜಪವಿಧಿಯಲ್ಲಿ ಇದೇ ಚಲನೆ ಅಡಗಿದೆ. ಎಲ್ಲ ಸಾಧನವೂ ಒಳ್ಳೆಯದೆಂದು ಹೇಳುವಂತಿಲ್ಲ. 2017ರಲ್ಲಿ ಲೋಕವನ್ನೆಲ್ಲ ಮರುಳುಮಾಡಿದ ಸ್ಪಿನ್ನರೆಂಬ ಬುಗುರಿ ಕಣ್ಣನ್ನು ತನ್ನೆಡೆಗೆ ಸೆಳೆದುಕೊಳ್ಳುವುದರಿಂದ, ಪಾಠ ಕೇಳುವ ಮಗುವಿನ ಗಮನವನ್ನು ಕೆಡಿಸುವುದೇ ಹೆಚ್ಚು. ಕಣ್ಣಿನ ಹಂಗಿಲ್ಲದೆ ಕೈಗೆ ಕೆಲಸ ಕೊಡುವುದೇ ಒಳ್ಳೆಯ ಸಾಧನದ ಲಕ್ಷಣ. ಜಪಮಾಲೆಯನ್ನು ಗೋಮುಖಿಯೆಂಬ ಚೀಲದೊಳಗೆ ಮರೆಮಾಡಿ, ಮೇರುಮಣಿ ತಾಕಿತೆಂಬುದನ್ನು ಸ್ಪರ್ಶದಿಂದಲೇ ತಿಳಿದು, ಅದನ್ನು ದಾಟದೆ ಮಾಲೆಯನ್ನು ಹಿಂದಿರುಗಿಸುವಂತೆ ವಿಧಿಸಿದ ಹಿರಿಯರು, ತ್ವಗಿಂದ್ರಿಯವೊಂದನ್ನೇ ಎಚ್ಚರವಾಗಿರಿಸಿ ಉಳಿದವನ್ನು ಬಿಡುಗಡೆಗೊಳಿಸುವ ಈ ಮರ್ಮವನ್ನು ಚೆನ್ನಾಗಿ ಅರಿತಿದ್ದರೆಂದೇ ನನ್ನ ನಂಬಿಕೆ.

ಹೀಗಿದ್ದರೂ ಪೂಜೆಯ ಹೊತ್ತಿನಲ್ಲಿ ಅಜ್ಜನ ಕೈಯ ಮಾಲೆಗೆ ನಮಸ್ಕರಿಸುವ ನಾವು, ಪಕ್ಕದಲ್ಲಿ ಉಂಗುರ ತಿರುವುತ್ತ ಕುಳಿತ ಮೊಮ್ಮಗನನ್ನು ಭಕ್ತಿಯಿಲ್ಲದವನೆಂದು ಗದರಿಸುತ್ತೇವೆ. ಇದು ಅನ್ಯಾಯ. ತಾಯಿತಂದೆಗಳಲ್ಲಿಯೂ, ಗುರುಗಳಲ್ಲಿಯೂ, ಅರ್ಚಕರಲ್ಲಿಯೂ ಮೌಲ್ವಿಗಳಲ್ಲಿಯೂ ನನ್ನ ಬಿನ್ನಹವಿಷ್ಟೆ: ಆ ಮಗುವಿನ ಕೈಯಲ್ಲಿರುವುದನ್ನು ಕಿತ್ತುಕೊಳ್ಳಬೇಡಿ, ಬರಿಗೈಯಲ್ಲಿ ಚಡಪಡಿಸುತ್ತಿದ್ದರೆ ಸದ್ದಿಲ್ಲದ ಒಂದನ್ನು ನೀವೇ ಕೊಟ್ಟು ಬಳಿಯಲ್ಲಿ ಕುಳ್ಳಿರಿಸಿಕೊಳ್ಳಿ.