ಹೇಸಿಕೆಯೂ ದಯೆಯೂ

ಕೀಟಗಳನ್ನು ಆಹಾರವಾಗಿ ತಿನ್ನುವ ಮಾತೆತ್ತಿದರೆ ನಮ್ಮ ಭಕ್ತವೃಂದದಲ್ಲಿ ಅನೇಕರು ಕಿವಿ ಮುಚ್ಚಿಕೊಳ್ಳುವರು. ಅಂತಹ ವಿಷಯಕ್ಕೆ ಈ ಪತ್ರಿಕೆಯಲ್ಲಿ ಸ್ಥಳವೇಕೆಂದು ಸದ್ಭಕ್ತರು ಕೇಳಬಹುದು. ಪಾಠಶಾಲೆಯ ದಾಸೋಹದ ಪಂಕ್ತಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯೇ ಈ ವಿಚಾರಕ್ಕೆ ಕಾರಣವಾಗಿದೆ.

ಮೃಗಶಿರಾ ಮಳೆ ಬಿದ್ದ ಸಾಯಂಕಾಲ. ರೆಕ್ಕೆ ಮೂಡಿದ ಗೆದ್ದಲು ಹುಳುಗಳು ನೆಲದಿಂದೆದ್ದು ದೀಪದ ಸುತ್ತ ಮುತ್ತಿದ್ದವು. ಊಟಕ್ಕೆ ಕುಳಿತ ಬಾಲಕನೊಬ್ಬನು ಸಂತೋಷದಿಂದ, “ನಮ್ಮ ಆಯಿ ಇವನ್ನ ಹುರಿದು ಚುರುಮುರಿಯೊಳಗ ಕಲಿಸಿ ಕೊಡ್ತಿದ್ಲು” ಎಂದನು. ಅಕ್ಕಪಕ್ಕದವರು “ಥೂ” ಎಂದು ತಟ್ಟೆಯೆತ್ತಿಕೊಂಡು ದೂರ ಸರಿದರು. ಆ ಹುಡುಗನು ಅರ್ಧ ಊಟಕ್ಕೇ ಎದ್ದು ಹೋದನು. ಬಡಿಸುತ್ತ ನಿಂತಿದ್ದ ನಾನೂ ಮುಖ ಸಿಂಡರಿಸಿದೆನೇ ಹೊರತು ಅವನನ್ನು ಕೂಗಿ ಕರೆಯಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಆ ಬಾಲಕನು ಹೇಳಿದ ಆಹಾರವು ಲೋಕದಲ್ಲಿ ಅಪರೂಪವಾದುದಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು ೨೦೧೩ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಜಗತ್ತಿನ ಸುಮಾರು ೨೦೦ ಕೋಟಿ ಜನರ ಸಾಂಪ್ರದಾಯಿಕ ಆಹಾರದಲ್ಲಿ ಕೀಟಗಳಿವೆಯೆಂದೂ, ತಿನ್ನುವ ಜಾತಿಗಳು ೧೯೦೦ಕ್ಕೂ ಮಿಕ್ಕಿವೆಯೆಂದೂ ಹೇಳಿದೆ. ನಮ್ಮ ಮಲೆನಾಡಿನಲ್ಲಿಯೇ ಚಗಳಿ ಇರುವೆಯ ಚಟ್ನಿ ಮಾಡುವ ಮನೆಗಳುಂಟು. ಒಡಿಶಾದ ಮಯೂರಭಂಜದ ಕೆಂಪಿರುವೆ ಚಟ್ನಿಗೆ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಯುರೋಪಿನ ಒಕ್ಕೂಟವು ೨೦೨೧ರಲ್ಲಿ ಹಿಟ್ಟಿನಲ್ಲಿ ಬೆಳೆಯುವ ಹಳದಿ ಹುಳುವನ್ನು ಒಣಗಿಸಿ ಮಾರಲು ಅನುಮತಿಯಿತ್ತಿತು. ಒಣಗಿಸಿದ ಮಿಡತೆಯ ತೂಕದಲ್ಲಿ ಸಾಮಾನ್ಯವಾಗಿ ಅರ್ಧಕ್ಕೂ ಹೆಚ್ಚು ಭಾಗ ಪ್ರೋಟೀನೇ ಇರುವುದೆಂದು ಶಾಸ್ತ್ರಜ್ಞರು ಹೇಳುವರು.

ಇಷ್ಟು ಹೇಳಿದ ಮಾತ್ರಕ್ಕೆ ಲಿಂಗಧಾರಿಗಳು ಕೀಟಗಳನ್ನು ತಿನ್ನಬೇಕೆಂಬ ಅರ್ಥವಲ್ಲ. ಜೀವವನ್ನು ಕೊಂದು ಲಿಂಗಕ್ಕೆ ಅರ್ಪಿಸಲಾಗದು. ಅರ್ಪಿಸದುದು ನಮಗೆ ಪ್ರಸಾದವಾಗದು. ಈ ನಿಯಮದಲ್ಲಿ ನನಗೆ ಲವಲೇಶವೂ ಸಂದೇಹವಿಲ್ಲ. ನನ್ನ ಪ್ರಶ್ನೆ ಬೇರೆಯದು. ನಾವು ತಿನ್ನದಿರುವುದು ದಯೆಯಿಂದಲೋ, ಹೇಸಿಕೆಯಿಂದಲೋ?

ಇವೆರಡೂ ಹೊರಗಿನಿಂದ ನೋಡಿದರೆ ಒಂದೇ ಬಗೆಯಾಗಿ ಕಾಣುತ್ತವೆ. ಏಕೆಂದರೆ ಎರಡೂ ಕೈಯನ್ನು ಹಿಂದಕ್ಕೆಳೆಯುತ್ತವೆ. ಒಳಗೆ ನೋಡಿದರೆ ಅಜಗಜಾಂತರ. ದಯೆಯು ಹುಳುವಿನ ಪ್ರಾಣವನ್ನು ಕಾಣುತ್ತದೆ. ಹೇಸಿಕೆಯು ತನ್ನ ನಾಲಗೆಯನ್ನು ಮಾತ್ರ ಕಾಣುತ್ತದೆ. ಹುಳುವಿನ ಮೇಲಿನ ದಯೆಯು ಬೆಳೆದು ಮನುಷ್ಯನನ್ನೂ ಅಪ್ಪಿಕೊಳ್ಳುವುದು. ಹುಳುವಿನ ಮೇಲಿನ ಹೇಸಿಕೆಯು ಬೆಳೆದು, ಅದನ್ನು ತಿಂದ ಮನುಷ್ಯನ ಮೇಲೆಯೇ ಬಂದು ನಿಲ್ಲುವುದು. ಅಂದು ಪಂಕ್ತಿಯಲ್ಲಿ ನಡೆದುದು ಇದೇ.

ನಮ್ಮದು ದಯೆಯೇ ಎನ್ನುವವರು ಸ್ವಲ್ಪ ಪರೀಕ್ಷಿಸಿಕೊಳ್ಳಲಿ. ಮದುವೆ ಪೂಜೆಗಳಲ್ಲಿ ನಾವು ಉಡುವ ರೇಷ್ಮೆಯು ಎಲ್ಲಿಂದ ಬಂದಿತು? ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು; ನೂಲು ತೆಗೆಯುವುದಕ್ಕಾಗಿ ಗೂಡಿನೊಳಗಿನ ಹುಳುಗಳನ್ನು ಬಿಸಿಯಿಂದ ಕೊಲ್ಲುವರು. ನಾರಾಯಣಪುರದ ಎಡದಂಡೆ ಕಾಲುವೆಯ ನೀರುಂಡು ಶಹಾಪುರ ಸುರಪುರಗಳ ಕಡೆ ಬೆಳೆಯುವ ಹತ್ತಿಗೆ ಎಣ್ಣೆ ಹೊಡೆದಾಗ ಸಾಯುವ ಕೀಟಗಳೆಷ್ಟು? ರೈತನನ್ನು ದೂಷಿಸಲು ಈ ಮಾತಲ್ಲ. ಬೆಳೆ ಉಳಿಯದಿದ್ದರೆ ಅವನು ಉಳಿಯಲಾರನು. ಮಹಾಭಾರತದ ವನಪರ್ವದಲ್ಲಿ ಮಾಂಸ ಮಾರುವ ಧರ್ಮವ್ಯಾಧನು, ನೇಗಿಲು ಹೂಡಿದಾಗಲೂ ಮಣ್ಣಿನೊಳಗಿನ ಜೀವಿಗಳು ಸಾಯುವುದನ್ನು ತಪಸ್ವಿಯಾದ ಕೌಶಿಕನಿಗೆ ತೋರಿಸಿಕೊಟ್ಟನು. ನಾನು ಮಾತ್ರ ನಿರ್ಮಲನೆಂಬ ಗರ್ವಕ್ಕೆ ಅಲ್ಲಿ ಎಡೆಯಿಲ್ಲ.

ಇನ್ನೊಂದು ಮಾತು. ೨೦೨೧ರಲ್ಲಿ ಸರಕಾರವು ನಮ್ಮ ಯಾದಗಿರಿಯೂ ಸೇರಿದಂತೆ ಈ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳಿಗೆ ತತ್ತಿ ಕೊಡತೊಡಗಿತು, ಒಲ್ಲದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ಇದನ್ನು ವಿರೋಧಿಸಿದರು. ಅವರ ಆಚಾರನಿಷ್ಠೆಗೆ ನಮಸ್ಕಾರ. ಆದರೆ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಹಸಿದವನಿಗೆ ‘ಅದು ಬೇಡ’ ಎಂದು ಹೇಳಿದವನ ಮೇಲೆ ‘ಇದನ್ನು ತೆಗೆದುಕೋ’ ಎಂದು ಕೊಡುವ ಹೊಣೆಯು ಆ ಕ್ಷಣದಲ್ಲಿಯೇ ಬೀಳುವುದು. ನಮ್ಮದು ತೊಗರಿಯ ನಾಡು. ಬೇಳೆಯಲ್ಲಿ ನೂರಕ್ಕೆ ಸುಮಾರು ೨೨ ಭಾಗ ಪ್ರೋಟೀನಿದೆ. ಆ ಬೇಳೆಯು ಬಡವನ ಮಗುವಿನ ತಟ್ಟೆಗೆ ಗಟ್ಟಿಯಾಗಿ ಬೀಳದೆ, ಬರಿಯ ನಿಷೇಧವೊಂದೇ ಅವನ ಮನೆಗೆ ಮುಟ್ಟಿದರೆ ಅದು ದಾಸೋಹವೆನಿಸದು.

ಹಾಗಾದರೆ ತಿನ್ನುವುದೂ ಬಿಡುವುದೂ ಒಂದೇಯೋ ಎಂದು ಕೇಳಬಹುದು. ಒಂದೇ ಅಲ್ಲ. ಬೇಡರ ಕಣ್ಣಪ್ಪನು ಶಿವನಿಗೆ ಮಾಂಸವನ್ನೇ ಎಡೆಮಾಡಿದನು. ನಮ್ಮ ಶರಣರು ಆ ಎಡೆಯನ್ನು ತಮ್ಮ ನಿಯಮವಾಗಿ ಮಾಡಿಕೊಳ್ಳಲಿಲ್ಲ. ಆದರೆ ಕಣ್ಣಪ್ಪನನ್ನು ಪುರಾತನರ ಸಾಲಿನಿಂದ ಇಳಿಸಲೂ ಇಲ್ಲ. ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಬಸವಣ್ಣನವರು ತಮ್ಮ ಹಿರಿಯರೆಂದೇ ತಿಳಿದರು. ಆಚಾರವನ್ನು ತನಗಾಗಿ ಬಿಗಿಯಾಗಿ ಹಿಡಿಯುವುದು, ಇತರರನ್ನು ಅಳೆಯುವ ಕೋಲಾಗಿ ಅದನ್ನು ಎತ್ತದಿರುವುದು—ಇದು ಶರಣಮಾರ್ಗ. ಪಂಚಾಚಾರಗಳಲ್ಲಿ ಭೃತ್ಯಾಚಾರವನ್ನು ಇಟ್ಟುದು ಇದಕ್ಕಾಗಿಯೇ.

ಮರುದಿನ ನಾನು ಬಡಿಸುವ ಕೆಲಸವನ್ನು ಮತ್ತೊಬ್ಬರಿಗೆ ಒಪ್ಪಿಸಿ, ಆ ಬಾಲಕನ ಪಕ್ಕದಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದೆನು. ಅವನು ನನ್ನೊಡನೆ ಮಾತಾಡಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ. ಮೂರನೆಯ ದಿನ ಸರಿದು ಕುಳಿತಿದ್ದ ಹುಡುಗರಲ್ಲಿ ಒಬ್ಬನು ತಾನಾಗಿಯೇ ಅವನ ಮಗ್ಗುಲಿಗೆ ಬಂದನು.

ಗೃಹಸ್ಥರಾದ ಭಕ್ತರು ತಮ್ಮ ಮಕ್ಕಳಿಗೆ ಹುಳುವನ್ನು ಕೊಲ್ಲಬಾರದೆಂದು ಕಲಿಸಲಿ, ಅದು ಧರ್ಮ. ಅದರ ಜೊತೆಗೆ, ಹುಳುವನ್ನು ತಿಂದವನ ಪಕ್ಕದಿಂದ ತಟ್ಟೆಯೆತ್ತಿಕೊಂಡು ಸರಿಯಬಾರದೆಂದೂ ಕಲಿಸಲಿ. ಎರಡನೆಯದನ್ನು ಕಲಿಯದ ಮಗುವಿಗೆ ಮೊದಲನೆಯದು ಬರಿಯ ಹೇಸಿಕೆಯಾಗಿಯೇ ಉಳಿಯುವುದು.