ಒಡೆಯನ ಪಕ್ಷ, ಕಾವ್ಯದ ಪಕ್ಷ

ಕೊಪ್ಪಳದ ಬೆಟ್ಟ ಹಳಗನ್ನಡ ಕವಿಗಳಿಗೆ ಕೊಪಣಾಚಲ, ಜೈನರ ಮಹಾತೀರ್ಥ. 993ರ ‘ಅಜಿತಪುರಾಣ’ದಲ್ಲಿ ರನ್ನ ತನ್ನನ್ನು ಪೊರೆದ ಅತ್ತಿಮಬ್ಬೆಯ ನಡತೆ ಎಷ್ಟು ಪವಿತ್ರವೆಂದು ಹೇಳಲು ಗಂಗೆಯ ನೀರಿನ ಜೊತೆ ಈ ಬೆಟ್ಟವನ್ನೂ ಹೋಲಿಕೆಗೆ ತರುತ್ತಾನೆ. ಅವನ ಧರ್ಮದ ಬಗ್ಗೆ ಅನುಮಾನವೇ ಬೇಡ. ರಾಜಕೀಯದ ಬಗ್ಗೆಯೂ ಬೇಡ: ‘ಗದಾಯುದ್ಧ’ದಲ್ಲಿ ಚಾಲುಕ್ಯ ಸತ್ಯಾಶ್ರಯನೇ ಭೀಮ. ಜಿನನಿಗೊಂದು ಕಾವ್ಯ, ಅರಸನಿಗೊಂದು ಕಾವ್ಯ. ಪಂಪ ತುಳಿದ ದಾರಿಯೇ.

ಹೀಗೆ ಭಕ್ತಿಯನ್ನೂ ನಿಷ್ಠೆಯನ್ನೂ ಪಾಲು ಮಾಡಿಕೊಂಡ ಕವಿ ಪ್ರಾಮಾಣಿಕನೇ? ‘ನಿಮ್ಮ ನಿಲುವೇನು’ ಎಂದು ಎಲ್ಲರನ್ನೂ ಕೇಳುವ ನಮ್ಮ ಕಾಲಕ್ಕೆ ಇದು ಸಹಜ ಪ್ರಶ್ನೆ. ಉತ್ತರವನ್ನು ಮಾತ್ರ ನಾವು ತಪ್ಪು ಜಾಗದಲ್ಲಿ, ಕವಿಯ ಒಡೆಯರ ಪಟ್ಟಿಯಲ್ಲಿ, ಹುಡುಕುತ್ತೇವೆ. ‘ಗದಾಯುದ್ಧ’ವನ್ನೇ ನೋಡಿ. ಹೆಣಗಳ ನಡುವೆ ನಡೆಯುವ ದುರ್ಯೋಧನ ದ್ರೋಣನ ಮುಂದೆ, ತಮ್ಮನ ಮುಂದೆ, ಕರ್ಣನ ಮುಂದೆ ನಿಂತು ಮರುಗುತ್ತಾನೆ. ವೈರಿಯ ಮಗ ಅಭಿಮನ್ಯುವಿಗೂ ಕೈಮುಗಿದು, ಅಂಥದೇ ಸಾವು ತನಗೂ ಬರಲೆನ್ನುತ್ತಾನೆ. ಗೆಲುವು, ಪಟ್ಟ ಎಲ್ಲ ಭೀಮನದು. ಓದುಗನ ಗಂಟಲು ಕಟ್ಟುವುದು ಮಾತ್ರ ಸೋತವನಿಗಾಗಿ.

17ನೇ ಶತಮಾನದ ಇಂಗ್ಲೆಂಡಿನಲ್ಲೂ ಇಂಥದೇ ಒಂದು ಸಂಗತಿಯಿದೆ. 1649ರಲ್ಲಿ ಒಂದನೇ ಚಾರ್ಲ್ಸ್ ದೊರೆಯ ತಲೆ ತೆಗೆದದ್ದನ್ನು ಮಿಲ್ಟನ್ ಬರಹದಲ್ಲಿ ಸಮರ್ಥಿಸಿದ. ಹೊಸ ಸರ್ಕಾರದಲ್ಲಿ ವಿದೇಶಿ ಭಾಷೆಗಳ ಕಾರ್ಯದರ್ಶಿಯಾದ. 1660ರಲ್ಲಿ ಅರಸೊತ್ತಿಗೆ ಮರಳಿತು. ಅವನ ಪುಸ್ತಕಗಳನ್ನು ಸುಟ್ಟರು, ಅವನೂ ಕೆಲಕಾಲ ಸೆರೆಯಲ್ಲಿದ್ದ. ಆಗಲೇ ಕಣ್ಣು ಹೋಗಿತ್ತು. ಅಂಥವನು 1667ರಲ್ಲಿ ಪ್ರಕಟಿಸಿದ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ಸ್ವರ್ಗದ ದೊರೆಯ ಪರ ವಾದಿಸುತ್ತಾನೆ, ದಂಗೆಯೆದ್ದವನು ಸೈತಾನ. ಆದರೆ ಮೊದಲ ಭಾಗಗಳ ಕಸುವೆಲ್ಲ ಆ ಸೈತಾನನ ಮಾತಿನಲ್ಲೇ ಇದೆ. ಮಿಲ್ಟನ್ ತನಗರಿವಿಲ್ಲದೆ ಸೈತಾನನ ಪಕ್ಷದವನಾಗಿದ್ದ ಎಂದ ಬ್ಲೇಕ್. ‘ಅರಿವಿಲ್ಲದೆ’ ಎಂಬುದನ್ನು ನಾನು ಒಪ್ಪಲಾರೆ. ಸೋತವನ ಎದೆ ಹೇಗೆ ಉರಿಯುತ್ತದೆಂದು ಅವನಷ್ಟು ಬಲ್ಲವರು ಆಗ ಯಾರಿದ್ದರು? ತನ್ನ ನಂಬಿಕೆಯನ್ನು ಗೆಲ್ಲಿಸಲು ಎದುರಾಳಿಯನ್ನು ಮೂಗನನ್ನಾಗಿಸಲಿಲ್ಲ, ಅಷ್ಟೆ. ರನ್ನನೂ ಮಾಡಿದ್ದು ಅದನ್ನೇ. ಉಂಡ ಮನೆಗೆ ಎರಡು ಬಗೆದ ಎಂದು ಅವನನ್ನು ಹಳಿಯಬಹುದೇ? ಸತ್ಯಾಶ್ರಯನಿಗೆ ಸಲ್ಲಬೇಕಾದ ಹೊಗಳಿಕೆ ಪೂರ್ತಿ ಸಂದಿದೆ; ದುರ್ಯೋಧನನ ಪಾಲು ಅದರಲ್ಲಿ ಕಿತ್ತುಕೊಂಡದ್ದಲ್ಲ.

ಡ್ರೈಡನ್‌ನದು ಬೇರೆ ಕಥೆ. 1659ರಲ್ಲಿ ಕ್ರಾಮ್‌ವೆಲ್‌ಗೆ ಚರಮಗೀತೆ, 1660ರಲ್ಲಿ ಹೊಸ ದೊರೆಗೆ ಸ್ವಾಗತ, ಕ್ಯಾಥೊಲಿಕ್ ದೊರೆ ಬಂದಾಗ ತಾನೂ ಕ್ಯಾಥೊಲಿಕ್. ಗಾಳಿ ಬಂದಾಗ ತೂರಿಕೊಂಡವನೆಂದು ಜನ ನಕ್ಕರು. ಆದರೆ 1688ರಲ್ಲಿ ಆ ದೊರೆ ಓಡಿಹೋದಾಗ ಡ್ರೈಡನ್ ಮತ್ತೆ ಮತ ಬದಲಿಸಲಿಲ್ಲ. ಆಸ್ಥಾನಕವಿಯ ಪದವಿಯನ್ನು ಕಳೆದುಕೊಂಡು, ವರ್ಜಿಲ್‌ನನ್ನು ಅನುವಾದಿಸುತ್ತ ಕೂತ.